ಕೋಣೆಯಲ್ಲಿ ಇಲ್ಲದವರು

ಸಹಿ ಹಾಕುವ ದಿನ. ಬೆಳಿಗ್ಗೆ ಹತ್ತೂವರೆಗೆ ಅಣ್ಣ, ತಮ್ಮ ಇಬ್ಬರೂ ನನ್ನ ಆಫೀಸಿಗೆ ಬಂದು ಕೂತಿದ್ದರು. ಕರಾರು ಪತ್ರದ ಪ್ರತಿಗಳು ಮೇಜಿನ ಮೇಲಿದ್ದವು. ಅಣ್ಣ ಕನ್ನಡಕ ಹಾಕಿಕೊಂಡು ಕೊನೆಯ ಪುಟ ಹುಡುಕುತ್ತಿದ್ದರು. ಆಗ ತಮ್ಮ ತಲೆ ಎತ್ತದೆ ಹೇಳಿದರು, "ಮೇಡಂ, ಅಮ್ಮ ಒಪ್ಪುವುದಿಲ್ಲವಂತೆ."

ಒಂಬತ್ತು ವರ್ಷದ ದಾವೆ. ಐದು ಸಲ ಕೂತು ಮಾತಾಡಿ, ಅಳತೆ ಮಾಡಿಸಿ, ನಕ್ಷೆ ಬರೆಸಿ ಕಟ್ಟಿದ ಒಪ್ಪಂದ. ಅಮ್ಮನ ಪರವಾಗಿ ತಮ್ಮನ ಹೆಸರಿಗೆ ಅಧಿಕಾರ ಪತ್ರ ಇತ್ತು. ಹಾಗಾಗಿ ಅವರು ಒಂದು ದಿನವೂ ಬಂದಿರಲಿಲ್ಲ. ಬನ್ನಿ ಅಂತ ನಾನೂ ಕರೆದಿರಲಿಲ್ಲ. ಎಂಬತ್ತರ ಹತ್ತಿರದ ಜೀವ, ಸುಮ್ನೆ ಯಾಕೆ ಬಸ್ಸು ಹತ್ತಿಸುವುದು ಅಂದುಕೊಂಡೆ. ಕಾಗದದ ಮಟ್ಟಿಗೆ ಎಲ್ಲ ಸರಿ ಇತ್ತು.

ನಾನು ಮಂಗಳೂರಿನಲ್ಲಿ ವಕೀಲೆ. ಹದಿನಾಲ್ಕು ವರ್ಷದಿಂದ ಮಧ್ಯಸ್ಥಿಕೆಯ ಕೆಲಸವನ್ನೂ ಮಾಡುತ್ತಿದ್ದೇನೆ. ಜಾಸ್ತಿ ಬರುವುದು ಪಾಲಿನ ತಕರಾರು. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಅದಕ್ಕೇ ಇಲ್ಲಿ ಊರು, ನಂಟಸ್ತಿಕೆ, ಜಾಗದ ಲೆಕ್ಕ ಎಲ್ಲ ಬದಲಿಸಿದ್ದೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಇದ್ದ ಹಾಗೇ ಬರೆಯುತ್ತೇನೆ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಮೊದಲು ಎರಡೂ ಕಡೆಯವರನ್ನು ಎದುರಾಬದುರು ಕೂರಿಸುತ್ತೇವೆ. ಅಲ್ಲಿ ಸಿಗುವುದು ಹಳೆಯ ಸಿಟ್ಟು, ಯಾರದೋ ಮದುವೆಯಲ್ಲಿ ಆದ ಅವಮಾನ, ತೀರಿಹೋದ ಅಪ್ಪ ಹೇಳಿದ್ದರು ಅನ್ನುವ ಮಾತು. ಆಮೇಲೆ ಒಂದೊಂದು ಕಡೆಯವರನ್ನೇ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕುತ್ತೇವೆ. ನಿಜವಾದ ಕೆಲಸ ಆಗುವುದು ಅಲ್ಲಿ. "ಒಂದಿಂಚೂ ಬಿಡುವುದಿಲ್ಲ" ಅಂದವರೇ ಅಲ್ಲಿ ದನಿ ತಗ್ಗಿಸಿ "ಎಷ್ಟಕ್ಕೆ ಬರಬಹುದು ಅವರು?" ಅಂತ ಕೇಳುತ್ತಾರೆ.

ಈ ಕೆಲಸಕ್ಕೆ ಬಂದ ಮೇಲೆ ನನಗೆ ಒಂದು ಓದಿನ ಗೀಳು ಹತ್ತಿದೆ. ಯುದ್ಧ ನಿಲ್ಲಿಸಲು ಹೊರಟ ಸರ್ಕಾರಗಳು ಬಾಗಿಲು ಹಾಕಿಕೊಂಡು ತಮ್ಮತಮ್ಮಲ್ಲೇ ಏನು ಮಾತಾಡಿಕೊಂಡವು ಅಂತ ಹುಡುಕಿ ಓದುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಹಳೆಯ ಗುಟ್ಟಿನ ಟಿಪ್ಪಣಿಗಳನ್ನು ಎಷ್ಟೋ ವರ್ಷ ಕಳೆದ ಮೇಲೆ ಸಂಪುಟಗಳಾಗಿ ಪ್ರಕಟಿಸುತ್ತದೆ. ಕೊರಿಯಾ ಯುದ್ಧದ್ದೂ ಅದರಲ್ಲಿ ಉಂಟು. ಏನು ಕೇಳೋಣ, ಏನು ಬಿಡೋಣ, ಯಾವುದನ್ನು ಈಗಲೇ ಬಾಯಿಬಿಡಬಾರದು. ನನ್ನ ಪಕ್ಕದ ಕೋಣೆಯ ಮಾತೇ ಅದು, ಅಲ್ವಾ? ಆದರೆ ಅಲ್ಲಿ ಮಾತು ಒಂದು ವಾರ ತಡವಾದರೆ ಸಾಯುವವರ ಲೆಕ್ಕ ಏರುತ್ತದೆ. ಓದುವಾಗ ಇದನ್ನು ಮರೆಯಲು ನನಗೆ ಆಗುವುದಿಲ್ಲ.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಎರಡನೇ ಮೈಸೂರು ಯುದ್ಧ ಮುಗಿದದ್ದು ಇದೇ ಮಂಗಳೂರಿನಲ್ಲಿ, 1784ರ ಮಾರ್ಚ್ 11ರಂದು. ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ನಮ್ಮಲ್ಲಿ ಹೆಚ್ಚಿನವರಿಗೆ ಈ ಸಂಧಾನದ ಕಥೆ ಗೊತ್ತಿಲ್ಲ. ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದ. ಟಿಪ್ಪು ಕಡೆ ತೀರ್ಮಾನ ಮಾಡುವ ತಲೆ ಒಂದೇ. ಎದುರಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಡೆ ಹಾಗಿರಲಿಲ್ಲ. ಮದ್ರಾಸಿನಲ್ಲಿ ಖಜಾನೆ ಖಾಲಿ. ಗವರ್ನರ್ ಮೆಕಾರ್ಟ್ನಿಗೆ ಯುದ್ಧ ಒಮ್ಮೆ ಮುಗಿದರೆ ಸಾಕು. ಕಲ್ಕತ್ತದಲ್ಲಿ ಕೂತ ಗವರ್ನರ್ ಜನರಲ್ ಹೇಸ್ಟಿಂಗ್ಸ್‌ನ ಲೆಕ್ಕ ಬೇರೆ. 1782ರಲ್ಲಿ ಮರಾಠರ ಜೊತೆ ಸಾಲ್ಬಾಯಿಯಲ್ಲಿ ಮಾಡಿಕೊಂಡ ಒಪ್ಪಂದವನ್ನು ಮುಂದಿಟ್ಟುಕೊಂಡೇ ಟಿಪ್ಪು ಜೊತೆ ಮಾತಾಡಬೇಕು ಅನ್ನುವುದು ಅವನ ಹಟ. ಇನ್ನೊಂದು ಕಡೆ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡ್ ಕೋಟೆ ಹಿಡಿದು ಮುಂದೆ ನುಗ್ಗಲು ಕಾಯುತ್ತಿದ್ದ. ನಿಲ್ಲು, ಹಿಡಿದದ್ದನ್ನು ಬಿಡು ಅಂತ ಅವನಿಗೆ ಅಪ್ಪಣೆ ಹೋಯಿತು.

ಮದ್ರಾಸಿನಿಂದ ಮಾತಿಗೆ ಹೊರಟವರು ಮೊದಲು ಇಬ್ಬರು, ಸ್ಯಾಡ್ಲಿಯರ್ ಮತ್ತು ಸ್ಟಾಂಟನ್. ಅವರಿಬ್ಬರಲ್ಲೇ ಒಮ್ಮತ ಬರಲಿಲ್ಲ. ಬಹುಮತ ಸಿಗಲಿ ಅಂತ ಮೂರನೆಯವನಾಗಿ ಹಡಲ್‌ಸ್ಟನ್‌ನನ್ನು ಸೇರಿಸಬೇಕಾಯಿತು. ಇತ್ತ ಮಂಗಳೂರು ಕೋಟೆಯೊಳಗೆ ಕರ್ನಲ್ ಕ್ಯಾಂಬೆಲ್‌ನ ಪಡೆ 1783ರ ಮೇ ತಿಂಗಳಿನಿಂದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿತ್ತು. ಆಗಸ್ಟಿನಲ್ಲಿ ಕದನ ನಿಂತರೂ ಹಸಿವು, ಕಾಯಿಲೆ ನಿಲ್ಲಲಿಲ್ಲ. ಸಂಧಾನಕಾರರು ಬಂದು ಮುಟ್ಟುವ ಮೊದಲೇ, 1784ರ ಜನವರಿ 30ಕ್ಕೆ, ಕೋಟೆ ಶರಣಾಯಿತು. ಕೊನೆಗೆ ಆದ ಒಪ್ಪಂದ ಬಲು ಸರಳ. ಗೆದ್ದ ಜಾಗ ಇಬ್ಬರೂ ವಾಪಸ್ ಕೊಡುವುದು, ಸೆರೆಯಾಳುಗಳನ್ನು ಬಿಡುವುದು. ಹೇಸ್ಟಿಂಗ್ಸ್‌ಗೆ ಅದು ಹಿಡಿಸಲೇ ಇಲ್ಲ. 1790ರ ಹೊತ್ತಿಗೆ ಮತ್ತೆ ಯುದ್ಧ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಒಂದೇ ಕಡೆಯ ಎರಡು ಕಚೇರಿಗಳು ಒಪ್ಪದೆ ಹುಟ್ಟಿದ ಶಾಂತಿಗೆ ಆಯುಷ್ಯ ಕಡಿಮೆ ಅಂತಲೇ ನನ್ನ ಅಭಿಪ್ರಾಯ.

ನನಗೆ ಇನ್ನೂ ಹತ್ತಿರವಾದದ್ದು ಕೊರಿಯಾ. ಯಾಕೆಂದರೆ ಅದರಲ್ಲಿ ನಮ್ಮೂರಿನವರೊಬ್ಬರಿದ್ದಾರೆ. ಬೆನಗಲ್ ನರಸಿಂಗ ರಾವ್ 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಇಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ರಚನೆಯ ಸಲಹೆಗಾರರು ಅಂತ ವಕೀಲರಾದ ನಮಗೆಲ್ಲ ಗೊತ್ತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರೂ ಅವರೇ. ಆ ವರ್ಷದ ಡಿಸೆಂಬರಿನಲ್ಲಿ ಕದನ ನಿಲ್ಲಿಸುವ ದಾರಿ ಹುಡುಕಲು ಮೂವರ ತಂಡ ಮಾಡಿದರು. ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್, ಮತ್ತೆ ನಮ್ಮ ರಾವ್. ಉತ್ತರ ಕೊರಿಯಾದ ಪರ ಯುದ್ಧಕ್ಕಿಳಿದಿದ್ದ ಚೀನಾ ಮುಖ ತಿರುಗಿಸಿತು. ಬೀಜಿಂಗ್ ಸರ್ಕಾರಕ್ಕೆ ಆಗ ವಿಶ್ವಸಂಸ್ಥೆಯಲ್ಲಿ ಕುರ್ಚಿಯೇ ಇರಲಿಲ್ಲ. ನಮ್ಮನ್ನು ಹೊರಗಿಟ್ಟು ಮಾಡಿದ ತೀರ್ಮಾನಕ್ಕೆ ನಾವು ಬೆಲೆ ಕೊಡುವುದಿಲ್ಲ ಅನ್ನುವುದು ಪ್ರಧಾನಿ ಚೌ ಎನ್‌ಲಾಯ್ ಅವರ ಉತ್ತರದ ಸಾರ.

1951ರ ಜುಲೈನಲ್ಲಿ ಮಾತುಕತೆ ಶುರುವಾಯಿತು. ಮುಗಿದದ್ದು 1953ರ ಜುಲೈ 27ಕ್ಕೆ. ಎರಡು ವರ್ಷ! ಗಡಿಯ ವಿಷಯ ಹೆಚ್ಚುಕಡಿಮೆ ಬಗೆಹರಿದ ಮೇಲೂ ಸೆರೆಯಾಳುಗಳ ಪ್ರಶ್ನೆ ಉಳಿಯಿತು. ಊರಿಗೆ ಹೋಗಲು ಒಪ್ಪದವರನ್ನು ಬಲವಂತವಾಗಿ ಕಳಿಸುವುದಿಲ್ಲ ಅಂತ ದಕ್ಷಿಣ ಕೊರಿಯಾದ ಪರ ನಿಂತಿದ್ದ ಅಮೆರಿಕ. ಎಲ್ಲರನ್ನೂ ಕೊಡಲೇಬೇಕು ಅಂತ ಚೀನಾ ಮತ್ತು ಉತ್ತರ ಕೊರಿಯಾ. 1952ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರೂಮನ್ ತಮ್ಮ ನಿಲುವನ್ನು ಎಲ್ಲರ ಮುಂದೆ ಸಾರಿ ಹೇಳಿದರು. ಆ ನಿಲುವಿನಲ್ಲಿ ನ್ಯಾಯ ಇತ್ತು ಅಂತಲೇ ನನಗೂ ಅನಿಸುತ್ತದೆ. ಆದರೆ ಊರೆದುರು ಹೇಳಿದ ಮಾತಿನಿಂದ ಹಿಂದೆ ಬರುವುದು ಕಷ್ಟ. ಅಲ್ಲಿ ದಾರಿ ತೋರಿಸಿದ್ದು ಭಾರತ. 1952ರ ಡಿಸೆಂಬರ್ 3ರಂದು ವಿಶ್ವಸಂಸ್ಥೆ ಒಪ್ಪಿದ ಭಾರತದ ಠರಾವಿನ ತಿರುಳು ಇದು: ತಕರಾರಿನ ಸೆರೆಯಾಳುಗಳನ್ನು ಯಾವ ಪಕ್ಷದ ಕೈಗೂ ಕೊಡದೆ ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸುವುದು. ಮೊದಲು ಚೀನಾ ಅದನ್ನೂ ತಳ್ಳಿಹಾಕಿತು. ಆದರೆ ಕೊನೆಯ ಒಪ್ಪಂದ ಬಂದು ನಿಂತದ್ದು ಹೆಚ್ಚುಕಡಿಮೆ ಅಲ್ಲಿಗೇ. ಆ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯ. 22,000ಕ್ಕೂ ಹೆಚ್ಚು ಸೆರೆಯಾಳುಗಳನ್ನು ನಮ್ಮ ಸೈನಿಕರು ಕಾದರು.

ಇದು ನನಗೆ ನೇರವಾಗಿ ಉಪಯೋಗಕ್ಕೆ ಬಂತು. ಅಣ್ಣ ತಮ್ಮನ ಜಾಗದ ಮಧ್ಯೆ ಒಂದು ನಾಗಬನ ಇತ್ತು. ಯಾರ ಪಾಲಿಗೆ ಬಂದರೂ ಇನ್ನೊಬ್ಬರು ಬಿಡುವುದಿಲ್ಲ. ಅಣ್ಣ ಊರಿನ ಹತ್ತು ಜನರೆದುರು "ಬನ ನಮ್ಮದೇ" ಅಂತ ಹೇಳಿಯಾಗಿತ್ತು. ಮೂರನೇ ಸಲ ಕೂತಾಗ ನಾನು ಕೇಳಿದೆ, "ಬನವನ್ನು ಪಾಲು ಪಟ್ಟಿಯಿಂದಲೇ ಹೊರಗಿಟ್ಟರೆ?" ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ನಕ್ಷೆಯ ಮೇಲೆ ಬನದ ಸುತ್ತ ಒಂದು ಗೆರೆ ಎಳೆದರು. ಪೂರ್ವದ ಕಡೆ ಗೆರೆ ಬಿಟ್ಟು, "ಇಲ್ಲಿ ಮೂರಡಿ ದಾರಿ. ಪಂಚಮಿಗೆ ತನು ಎರೆಯಲು ಅವನ ಮನೆಯವರೂ ಬರಬೇಕಲ್ಲ" ಅಂದರು. ಬನ ಇಬ್ಬರ ಹೆಸರಿಗೂ ಸೇರದೆ ಸಾಮಾನ್ಯದ್ದಾಗಿ ಉಳಿಯಿತು. ಅವತ್ತು ಕಷ್ಟದ್ದೆಲ್ಲ ಮುಗಿಯಿತು ಅಂತ ನಾನು ನಂಬಿದೆ.

ಕೊರಿಯಾದಲ್ಲೂ ಹಾಗೇ ನಂಬಿದ್ದರು. 1953ರ ಜೂನ್ ಹೊತ್ತಿಗೆ ಸೆರೆಯಾಳುಗಳ ವಿಷಯವೂ ಇತ್ಯರ್ಥವಾಗಿತ್ತು. ಜೂನ್ 18ರಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಸುಮಾರು 27,000 ಸೆರೆಯಾಳುಗಳನ್ನು ಶಿಬಿರಗಳಿಂದ ಬಿಡಿಸಿಬಿಟ್ಟರು, ಅಮೆರಿಕಕ್ಕೆ ಹೇಳದೆ. ಯುದ್ಧ ಆಗುತ್ತಿದ್ದದ್ದು ಅವರದೇ ನೆಲದಲ್ಲಿ. ಆದರೆ ಏನು ಬಿಡಬೇಕು ಅಂತ ತೀರ್ಮಾನ ಆಗುತ್ತಿದ್ದದ್ದು ವಾಷಿಂಗ್ಟನ್ನಿನಲ್ಲಿ. ಅಮೆರಿಕದವರು ಒಳಗೊಳಗೆ ಏನೇನು ತೂಗಿ ನೋಡಿದರು ಅಂತ ಈಗ ಗೊತ್ತಾಗಿದೆ. ರೀ ಅವರನ್ನೇ ಅಧಿಕಾರದಿಂದ ಇಳಿಸುವ ಒಂದು ಯೋಜನೆಯೂ ಕಡತದಲ್ಲಿತ್ತು. ಕೊನೆಗೆ ಅದನ್ನು ಬಿಟ್ಟು ವಾಲ್ಟರ್ ರಾಬರ್ಟ್‌ಸನ್ ಅನ್ನುವ ಅಧಿಕಾರಿಯನ್ನು ದಕ್ಷಿಣ ಕೊರಿಯಾದ ಸೋಲ್ ನಗರಕ್ಕೆ ಕಳಿಸಿದರು. ಆತ ದಿನಗಟ್ಟಲೆ ರೀ ಎದುರು ಕೂತು ಮಾತಾಡಿದ. ಯುದ್ಧ ನಿಂತ ಮೇಲೆ ನಮ್ಮನ್ನು ಕೈಬಿಟ್ಟು ಹೋಗುತ್ತೀರಿ ಅನ್ನುವ ಹೆದರಿಕೆ ಅವರದ್ದು. ರಕ್ಷಣಾ ಒಪ್ಪಂದ ಮಾಡಿಕೊಳ್ಳುತ್ತೇವೆ, ಹಣಕಾಸಿನ ನೆರವು ಕೊಡುತ್ತೇವೆ ಅಂತ ಮಾತು ಕೊಟ್ಟ ಮೇಲೆ ರೀ ಅಡ್ಡಿ ಮಾಡುವುದಿಲ್ಲ ಅಂದರು. ಸಹಿ ಮಾತ್ರ ಹಾಕಲಿಲ್ಲ. ಕದನ ವಿರಾಮದ ಪತ್ರದಲ್ಲಿ ದಕ್ಷಿಣ ಕೊರಿಯಾದ ಸಹಿ ಇವತ್ತಿಗೂ ಇಲ್ಲ. ಯುದ್ಧ ಮುಂದುವರಿಯಲಿ ಅಂದ ರೀ ಅವರ ಹಟ ನನಗೆ ಒಪ್ಪಿಗೆಯಿಲ್ಲ. ಹೆದರಿಕೆ ಮಾತ್ರ ಸುಳ್ಳಾಗಿರಲಿಲ್ಲ.

ಇಷ್ಟೆಲ್ಲ ಓದಿದ್ದೆ. ಓದಿಯೂ ಅಮ್ಮನನ್ನು ಕರೆಸಿರಲಿಲ್ಲ.

ಮುಂದಿನ ವಾರ ಅವರೇ ಬಂದರು, ಕಿರಿ ಸೊಸೆಯ ಕೈ ಹಿಡಿದುಕೊಂಡು. ಸೊಸೆಯನ್ನು ಹೊರಗೆ ಕೂರಿಸಿ, ಪಕ್ಕದ ಕೋಣೆಯಲ್ಲಿ ನಾವಿಬ್ಬರೇ ಕೂತೆವು. ಎಷ್ಟೋ ಹೊತ್ತು ಅವರು ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಉಗುರಿನ ಸಂದಿಯಲ್ಲಿ ಬಾಳೆನಾರಿನ ಕಂದು ಕಲೆ.

"ನನ್ನ ಹತ್ರ ಯಾರು ಕೇಳಿದ್ದಾರೆ ಮಗಾ?" ಅಂದರು ಕೊನೆಗೆ.

"ನಾನೂ ಕೇಳಲಿಲ್ಲ ಅಮ್ಮ. ತಪ್ಪಾಯಿತು. ಈಗ ಹೇಳಿ" ಅಂದೆ.

ಮನೆಯ ಹಿಂದೆ ಎಂಟು ಸೆಂಟ್ಸ್ ಜಾಗದಲ್ಲಿ ಮಲ್ಲಿಗೆ ಗಿಡ ಉಂಟಂತೆ. ಅವರೇ ನೆಟ್ಟದ್ದು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕಳಿಸುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸಮಯದಲ್ಲಿ ಒಳ್ಳೆ ರೇಟು, ಮಳೆಗಾಲದಲ್ಲಿ ಹೂವೇ ಕಡಿಮೆ. ನಮ್ಮ ನಕ್ಷೆಯಲ್ಲಿ ಆ ಎಂಟು ಸೆಂಟ್ಸ್ ಅಣ್ಣನ ಪಾಲಿಗೆ ಹೋಗಿತ್ತು. ಅಮ್ಮನಿಗೆ ಇಬ್ಬರು ಮಕ್ಕಳೂ ತಿಂಗಳು ತಿಂಗಳು ಹಣ ಕೊಡುವುದು ಅಂತ ಬರೆದಿದ್ದೆವು. ತುಂಬ ಒಳ್ಳೆಯ ಷರತ್ತು ಅಂತ ನನಗೆ ಸಮಾಧಾನವೂ ಆಗಿತ್ತು.

"ಹಣ ಕೊಡ್ತಾರೆ, ಇಲ್ಲ ಅಂತ ಅಲ್ಲ. ಕೊಡುವಾಗ ಅವರ ಮುಖ ನೋಡ್ಬೇಕಲ್ಲ ನಾನು" ಅಂದರು. "ಹೂವಿನ ದುಡ್ಡು ಆದ್ರೆ ನನ್ನದೇ."

ಅವರಿಗೆ ಬೇಕಾದದ್ದು ಎರಡೇ. ಇರುವಷ್ಟು ದಿನ ಮಲ್ಲಿಗೆಯ ಜಾಗ ಮತ್ತು ಹಳೆ ಮನೆಯ ಪಡುಬದಿಯ ಕೋಣೆ. ಬಾವಿಯ ನೀರನ್ನೂ ನಾನೇ ಕೇಳಿ ಸೇರಿಸಿದೆ, ನೀರಿಲ್ಲದೆ ಮಲ್ಲಿಗೆ ಏನಾದೀತು? ಆಮೇಲೆ ಅಣ್ಣನನ್ನು ಒಳಗೆ ಕರೆದೆ. ಹದಿನೈದು ನಿಮಿಷವೂ ಬೇಕಾಗಲಿಲ್ಲ. "ಇಷ್ಟೇನಾ? ಮೊದಲೇ ಹೇಳಿದ್ರೆ..." ಅಂತ ಶುರು ಮಾಡಿ, ಅಮ್ಮನ ಮುಖ ನೋಡಿ ಸುಮ್ಮನಾದರು.

ಈಗ ಯಾವ ಕಡೆಯವರನ್ನು ಪಕ್ಕದ ಕೋಣೆಗೆ ಕರೆದರೂ, ಎದುರು ಕಡೆಯವರ ಸುದ್ದಿಗೆ ಹೋಗುವ ಮೊದಲು ಒಂದು ಹಾಳೆ ಕೊಡುತ್ತೇನೆ. ನಿಮ್ಮ ಕಡೆಯವರಲ್ಲಿ ಇವತ್ತು ಬಾರದವರು ಯಾರು, ಅವರು ಬೇಡ ಅಂದರೆ ಏನಾಗುತ್ತದೆ ಅಂತ ಬರೆಯಿರಿ ಅನ್ನುತ್ತೇನೆ. ಹೆಚ್ಚಿನವರು "ಯಾರೂ ಇಲ್ಲ" ಅಂತ ಬರೆಯುತ್ತಾರೆ. ನಾನು ಹಾಳೆ ವಾಪಸ್ ಕೊಟ್ಟು ಟೀ ತರಿಸುತ್ತೇನೆ. ಟೀ ಮುಗಿಯುವುದರೊಳಗೆ ಒಂದೆರಡು ಹೆಸರು ಬಂದಿರುತ್ತದೆ. ಆಮೇಲೆ ಅವರವರಲ್ಲೇ ಜಗಳ ಶುರುವಾಗುವುದೂ ಉಂಟು. ಆಗಲಿ ಅಂತ ಬಿಡುತ್ತೇನೆ. ಆ ಜಗಳ ಸಹಿಯ ದಿನ ಆಗುವುದಕ್ಕಿಂತ ಇವತ್ತೇ ಆಗುವುದು ಒಳ್ಳೆಯದು.

ಮಂಗಳವಾರ ಒಂದು ಹೊಸ ಪ್ರಕರಣ ಶುರು. ಏಳು ಜನ ವಾರಸುದಾರರು. ಒಬ್ಬ ಅಕ್ಕ ಮುಂಬಯಿಯಲ್ಲಿ, ಹನ್ನೆರಡು ವರ್ಷದಿಂದ ಊರಿಗೆ ಬಂದಿಲ್ಲ. "ಅಕ್ಕಂದು ಏನೂ ತೊಂದರೆ ಇಲ್ಲ ಮೇಡಂ, ನಾವು ಹೇಳಿದ ಕಡೆ ಸಹಿ ಹಾಕ್ತಾರೆ" ಅಂದರು ಫೋನಿನಲ್ಲಿ. ಅವರ ನಂಬರ್ ತೆಗೆದುಕೊಂಡಿದ್ದೇನೆ. ರಾತ್ರಿ ಎಂಟರ ಮೇಲೆ ಮನೆಯಲ್ಲಿರುತ್ತಾರಂತೆ.