ಕೆಂಪು ಮಿಯಾಟಾಕ್ಕೆ ಹೊಳಪು: ಪಾಲಿಶ್ ಮತ್ತು ವ್ಯಾಕ್ಸ್ ಆಯ್ಕೆಯ ಹಂತ

1990ರ ಮಾಜ್ದಾ ಮಿಯಾಟಾ ಎಂಬ ಎರಡು ಸೀಟಿನ ತೆರೆದ ಕಾರಿನ ಎಂಜಿನ್ ಮತ್ತು ಸಸ್ಪೆನ್ಷನ್ ಕೆಲಸ ಚಳಿಗಾಲದಲ್ಲೇ ಮುಗಿದಿದ್ದರಿಂದ, ಈ ಬಾರಿಯ ವರದಿ ಪೂರ್ತಿಯಾಗಿ ಬಣ್ಣಕ್ಕೆ ಮೀಸಲು. ಕಾರಿನ ಬಣ್ಣ ಕಂಪನಿಯವರು ‘ಕ್ಲಾಸಿಕ್ ರೆಡ್’ ಎಂದು ಹೆಸರಿಟ್ಟ ಅಚ್ಚ ಕೆಂಪು. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ನಿಂತಿದ್ದರಿಂದ ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳ ಗುಲಾಬಿಗೆ ತಿರುಗಿದ್ದವು. ಒಣಗೈಯಿಂದ ಸವರಿದರೆ ಬೆರಳ ತುದಿಗೆ ನಸುಗೆಂಪು ಪುಡಿ ಅಂಟುತ್ತಿತ್ತು.

ಈ ಕೆಂಪಿಗೆ ಕ್ಲಿಯರ್ ಕೋಟ್ ಇಲ್ಲ ಎಂಬುದೇ ಮುಂದಿನ ಎಲ್ಲ ನಿರ್ಧಾರಗಳಿಗೂ ಮೂಲ. ಇಂದಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಪದರವೊಂದಿದ್ದು, ಗೀರು ಬೀಳುವುದೂ ಪಾಲಿಶ್ ತಾಗುವುದೂ ಮೊದಲು ಅದಕ್ಕೇ. ಈ ಕಾರಿನಲ್ಲಿರುವಂಥ ಸಿಂಗಲ್ ಸ್ಟೇಜ್ ಪೇಂಟ್‌ನಲ್ಲಿ ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತವೆ. ನೇರಳಾತೀತ ಕಿರಣಗಳು ಮೇಲ್ಮೈಯ ರಾಳವನ್ನು ಒಡೆದಾಗ ಅಲ್ಲಿ ಸೂಕ್ಷ್ಮವಾದ ತರಿ ಉಂಟಾಗಿ ಬೆಳಕು ಚದುರುತ್ತದೆ. ಕಣ್ಣಿಗೆ ಕಾಣುವ ಗುಲಾಬಿ ಬಹುಮಟ್ಟಿಗೆ ಅದೇ. ಅದರ ಅಡಿಯಲ್ಲಿ ಕೆಂಪು ಇನ್ನೂ ಇದೆ, ಆದರೆ ಎಷ್ಟಿದೆಯೋ ಅಷ್ಟೇ. ಪ್ರತಿ ಪಾಲಿಶ್ ಅದರಲ್ಲಿ ಒಂದಿಷ್ಟನ್ನು ತೆಗೆದುಕೊಂಡು ಹೋಗುತ್ತದೆ. ಆದ್ದರಿಂದ ಹೊಳಪು ತರುವ ವಸ್ತುಗಳಲ್ಲಿ ಅತ್ಯಂತ ಸೌಮ್ಯವಾದುದರಿಂದ ಆರಂಭಿಸಬೇಕೆಂದೂ, ಅದು ಸಾಲದಿದ್ದಲ್ಲಿ ಮಾತ್ರ ಮುಂದಿನದಕ್ಕೆ ಹೋಗಬೇಕೆಂದೂ ನಿರ್ಧರಿಸಿದೆ.

ತೊಳೆದು, ಅಂಟಿಕೊಂಡ ಕೊಳೆಯನ್ನು ಎತ್ತುವ ಜೇಡಿಯಂಥ ಮೆತ್ತನೆಯ ಮುದ್ದೆಯಾದ ಕ್ಲೇ ಬಾರ್ ಉಜ್ಜಿ ಮೇಲ್ಮೈಯನ್ನು ನುಣುಪು ಮಾಡಿದ ನಂತರ, ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಪ್ರತಿಯೊಂದು ಭಾಗದ ಮರೆಯ ಮೂಲೆಯಲ್ಲಿ ಉಜ್ಜಿ ನೋಡಿದೆ. ಬಾನೆಟ್, ಬಾಗಿಲು, ಡಿಕ್ಕಿ ಎಲ್ಲ ಕಡೆಯೂ ಬಟ್ಟೆ ಕೆಂಪಾಯಿತು. ಎಡಗಡೆಯ ಮುಂದಿನ ಫೆಂಡರ್‌ನಲ್ಲಿ (ಚಕ್ರದ ಮೇಲಿನ ಹೊರಕವಚ) ಮಾತ್ರ ಅದು ಬಿಳಿಯಾಗಿಯೇ ಉಳಿಯಿತು. ಅಂದರೆ ಹಿಂದೆಂದೋ ಆ ಫೆಂಡರ್‌ಗೆ ಮರುಬಣ್ಣ ಬಳಿದು, ಮೇಲೆ ಕ್ಲಿಯರ್ ಕೋಟ್ ಹಾಕಿದ್ದಾರೆ. ಪೇಂಟ್‌ನ ದಪ್ಪ ಅಳೆಯುವ ಉಪಕರಣವೂ ಅದನ್ನೇ ಹೇಳಿತು: ಉಳಿದ ಉಕ್ಕಿನ ಭಾಗಗಳಲ್ಲಿ ಸುಮಾರು 100 ಮೈಕ್ರಾನ್ ಇದ್ದರೆ ಅಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚು. ಈ ಕಾರಿನ ಬಾನೆಟ್ ಅಲ್ಯೂಮಿನಿಯಂನದ್ದಾದ್ದರಿಂದ ಕೇವಲ ಅಯಸ್ಕಾಂತೀಯ ತತ್ತ್ವದ ಅಗ್ಗದ ಮಾಪಕ ಅಲ್ಲಿ ಕೆಲಸಕ್ಕೆ ಬಾರದು. ಅಯಸ್ಕಾಂತಕ್ಕೆ ಅಂಟದ ಲೋಹದ ಮೇಲೂ ಅಳೆಯಬಲ್ಲ ಎಡ್ಡಿ ಕರೆಂಟ್ ವಿಧಾನವೂ ಇರುವ ಮಾಪಕ ಬೇಕು. ಪ್ಲಾಸ್ಟಿಕ್ ಬಂಪರ್‌ಗಳ ಮೇಲೆ ಎರಡೂ ಸುಮ್ಮನಿರುತ್ತವೆ.

ಮೊದಲು ಹಚ್ಚಿದ್ದು ಪೇಂಟ್ ಸವೆಸುವ ಪಾಲಿಶ್ ಅಲ್ಲ, ಎಣ್ಣೆಯಿಂದ ಮೆರುಗು ಕೊಡುವ ಗ್ಲೇಜ್. ಮೆಗ್ವಾಯರ್ಸ್ ಕಂಪನಿಯ 7ನೇ ನಂಬರ್ ಶೋ ಕಾರ್ ಗ್ಲೇಜ್‌ನಲ್ಲಿ ಎಣ್ಣೆಯ ಅಂಶ ಧಾರಾಳವಾಗಿದ್ದು, ಹಳೆಯ ಸಿಂಗಲ್ ಸ್ಟೇಜ್ ಪೇಂಟ್ ಉಳಿಸಿಕೊಳ್ಳುವವರು ಬಹುಕಾಲದಿಂದ ಅದನ್ನು ಬಳಸುತ್ತ ಬಂದಿದ್ದಾರೆ. ಟೆರ್ರಿ ಬಟ್ಟೆಯಿಂದ ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಒಣಗಿದ ಮರದ ಬಾಗಿಲು ಎಣ್ಣೆ ಹೀರುವಂತೆ ಬಾನೆಟ್ ಅದನ್ನು ಹೀರಿಕೊಂಡಿತ್ತು. ಬೆಳಿಗ್ಗೆ ಒರೆಸಿದಾಗ ಬಟ್ಟೆಯ ತುಂಬ ಸತ್ತ ಬಣ್ಣದ ಕೆಸರು. ಬಾನೆಟ್‌ನ ಮಧ್ಯಭಾಗ ಆಗಲೇ ಗುಲಾಬಿಯಿಂದ ಗಾಢ ಕೆಂಪಿಗೆ ಮರಳಿತ್ತು. ಎಣ್ಣೆ ತರುವ ಗಾಢತೆ ತಾತ್ಕಾಲಿಕ ಎಂಬುದು ನಿಜ. ಆದರೂ ಒಣಗಿದ ಪೇಂಟ್ ಮೇಲೆ ನೇರವಾಗಿ ಯಂತ್ರ ಇಡುವುದಕ್ಕಿಂತ, ಎಣ್ಣೆ ಕುಡಿಸಿ ಮೆತ್ತಗಾಗಿಸಿ ಆಮೇಲೆ ಇಡುವುದು ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ.

ಅನಂತರ ಪ್ಯಾಡನ್ನು ತಿರುಗಿಸುತ್ತಲೇ ಸುತ್ತಾಡಿಸುವ ಡ್ಯುಯಲ್ ಆ್ಯಕ್ಷನ್ ಪಾಲಿಶ್ ಯಂತ್ರ, ಮೆತ್ತನೆಯ ಫೋಮ್ ಪ್ಯಾಡ್ ಮತ್ತು ಅದೇ ಕಂಪನಿಯ 205 ಫಿನಿಶಿಂಗ್ ಪಾಲಿಶ್. ಇದಕ್ಕಿಂತ ಒರಟಾದ 105 ಕಾಂಪೌಂಡ್ ಅನ್ನು ಕಪಾಟಿನಿಂದ ತೆಗೆಯುವ ಪ್ರಸಂಗ ಬರಲಿಲ್ಲ. ಪ್ಯಾಡ್ ಬೇಗನೆ ಕೆಂಪು ಬಣ್ಣದಿಂದ ತುಂಬಿಕೊಳ್ಳುವುದರಿಂದ ಆಗಾಗ ಬ್ರಷ್‌ನಿಂದ ಸ್ವಚ್ಛಗೊಳಿಸಬೇಕು. ಇಲ್ಲದಿದ್ದರೆ ಕಿತ್ತುಬಂದ ಬಣ್ಣವೇ ಮತ್ತೆ ಮೇಲ್ಮೈಗೆ ಮೆತ್ತಿಕೊಂಡು ಮಸುಕಾಗುತ್ತದೆ. ಹೆಡ್‌ಲ್ಯಾಂಪ್ ಮುಚ್ಚಳಗಳ ಅಂಚಿನಲ್ಲಿ ಪೇಂಟ್ ತೆಳುವಾಗಿರುವುದರಿಂದ ಅಲ್ಲಿಗೆ ಟೇಪ್ ಅಂಟಿಸಿ, ಅಂಚಿನ ಕೆಲಸವನ್ನು ಕೈಯಿಂದಲೇ ಮುಗಿಸಿದೆ.

ಇನ್ನು ವ್ಯಾಕ್ಸ್. ಅದು ಹೊಳಪನ್ನು ಕಾಯುತ್ತದೆ, ಒಂದಿಷ್ಟು ಮೆರುಗು ಸೇರಿಸುತ್ತದೆ. ಮಸುಕಾದ ಪೇಂಟ್‌ಗೆ ಹೊಳಪು ತಂದುಕೊಡುವುದಿಲ್ಲ. ಈ ಕಾರಣಕ್ಕೆ ‘ಕ್ಲೀನರ್ ವ್ಯಾಕ್ಸ್’ ಎಂದು ಬರೆದ ಡಬ್ಬಿಗಳನ್ನು ಮೊದಲೇ ಕೈಬಿಟ್ಟೆ. ಅವುಗಳಲ್ಲಿ ಸಾಮಾನ್ಯವಾಗಿ ಸೌಮ್ಯವಾದ ಉಜ್ಜುಪುಡಿ ಸೇರಿರುತ್ತದೆ. ಹಚ್ಚಿದಾಗಲೆಲ್ಲ ಪೇಂಟ್ ಸವೆಯುವುದು ನನಗೆ ಬೇಡ. ಪೇಂಟ್ ಮೇಲೆ ಗಟ್ಟಿ ರಕ್ಷಣಾ ಪದರವಾಗಿ ಕೂರುವ ಸೆರಾಮಿಕ್ ಕೋಟಿಂಗ್ ಹಾಕಿಸೆಂದು ಗೆಳೆಯರು ಸಲಹೆ ನೀಡಿದರು. ಅದು ದೀರ್ಘಕಾಲ ಬಾಳುತ್ತದೆಂಬುದರಲ್ಲಿ ಸಂಶಯವಿಲ್ಲ, ಆದರೆ ಅದನ್ನು ತೆಗೆಯಬೇಕಾದರೆ ಸಾಮಾನ್ಯವಾಗಿ ಮತ್ತೆ ಪಾಲಿಶ್ ಮಾಡಲೇಬೇಕು. ಕ್ಲಿಯರ್ ಕೋಟ್ ಇರುವ ಹೊಸ ಕಾರಿಗೆ ಅದು ಒಪ್ಪುತ್ತದೆ. ಈ ಕಾರಿಗೆ ಒಪ್ಪದು.

ಉಳಿದ ಮೂರನ್ನು ಬಾನೆಟ್ ಮೇಲೆ ಟೇಪ್‌ನಿಂದ ಪಟ್ಟಿಗಳನ್ನು ಮಾಡಿ ಪರೀಕ್ಷಿಸಿದೆ: ಕಾರ್ನೌಬಾ ಪೇಸ್ಟ್ ವ್ಯಾಕ್ಸ್, ಮೇಣದ ಬದಲು ಕೃತಕ ಪಾಲಿಮರ್‌ನಿಂದ ಪೇಂಟ್ ಕಾಯುವ ಸಿಂಥೆಟಿಕ್ ಸೀಲಂಟ್, ಮತ್ತು ಕಾರ್ನೌಬಾದ ಜೊತೆಗೆ ಪಾಲಿಮರ್ ಬೆರೆಸಿದ ಕೊಲಿನೈಟ್ 845. ಕಾರ್ನೌಬಾ ಎಂಬುದು ಬ್ರೆಜಿಲ್‌ನ ಈಶಾನ್ಯ ಭಾಗದ ತಾಳೆ ಜಾತಿಯ ಮರವೊಂದರ ಎಲೆಯಿಂದ ಸಿಗುವ ಗಟ್ಟಿ ಮೇಣ. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಅದನ್ನು ಎಣ್ಣೆ, ದ್ರಾವಕಗಳೊಂದಿಗೆ ಬೆರೆಸಿ ಹಚ್ಚಲು ಬರುವಂತೆ ಮಾಡುತ್ತಾರೆ. ಹಚ್ಚಿದ ದಿನ ಪೇಸ್ಟ್ ವ್ಯಾಕ್ಸ್‌ನ ಪಟ್ಟಿ ಸಂಜೆಯ ಬೆಳಕಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಗಾಢವಾಗಿ ಕಂಡಿತು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಆ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಗೊತ್ತಾದದ್ದು ಕೆಲವು ವಾರ ತೊಳೆದ ನಂತರ. ಪೇಸ್ಟ್‌ನ ಪಟ್ಟಿಯಲ್ಲಿ ನೀರು ಹರಡಿಕೊಳ್ಳತೊಡಗಿತು, ಸೀಲಂಟ್ ಮತ್ತು 845ರ ಪಟ್ಟಿಗಳಲ್ಲಿ ದುಂಡು ಹನಿಗಳಾಗಿಯೇ ನಿಂತಿತು. ಇವೆರಡರ ನಡುವೆ, ಬಣ್ಣದ ಗಾಢತೆಯನ್ನು ಹೆಚ್ಚು ಕಾಯ್ದುಕೊಂಡ 845ನ್ನೇ ಆರಿಸಿದ್ದೇನೆ.

ಆ ಬಾಟಲಿ ತಂಪಿಗೆ ಗಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಚೆನ್ನಾಗಿ ಕುಲುಕಿ ಬಳಸಬೇಕು. ನೆರಳಿನಲ್ಲಿ, ತಣ್ಣಗಿರುವ ಮೇಲ್ಮೈಗೆ, ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ, ಬೆರಳಿನಿಂದ ಎಳೆದಾಗ ಗುರುತು ಸ್ವಚ್ಛವಾಗಿ ಮೂಡಿದರೆ ಒರೆಸಬಹುದು. ದಪ್ಪ ಹಚ್ಚಿದರೆ ಒರೆಸುವ ಶ್ರಮ ಹೆಚ್ಚುತ್ತದೆಯೇ ಹೊರತು ರಕ್ಷಣೆ ಹೆಚ್ಚುವುದಿಲ್ಲ.

ಸದ್ಯಕ್ಕೆ ಬಾನೆಟ್, ಡಿಕ್ಕಿ, ಎರಡೂ ಬಾಗಿಲು ಮುಗಿದಿವೆ. ಎಡ ಫೆಂಡರ್‌ನ ಕ್ಲಿಯರ್ ಕೋಟ್ ಮೇಲಿನ ಸುರುಳಿ ಗೀರುಗಳಿಗೆ ಬೇರೆ ಪ್ಯಾಡ್ ಮೀಸಲಿಟ್ಟಿದ್ದೇನೆ. ಕೆಂಪು ತುಂಬಿದ ಪ್ಯಾಡ್ ಅಲ್ಲಿಗೆ ಹೋಗಕೂಡದು. ದಪ್ಪ ಅಳೆಯಲಾಗದ ಬಂಪರ್‌ಗಳನ್ನು ಯಂತ್ರವಿಲ್ಲದೆ, ಗ್ಲೇಜ್ ಮತ್ತು ವ್ಯಾಕ್ಸ್‌ನಿಂದ ಮಾತ್ರ ಮುಗಿಸುವ ಆಲೋಚನೆಯಿದೆ. ಅದಕ್ಕೂ ಮೊದಲು ಕಿಟಕಿಯ ಸುತ್ತಲಿನ ಕಪ್ಪು ರಬ್ಬರ್ ಪಟ್ಟಿಗಳಿಗೆ ಟೇಪ್ ಅಂಟಿಸಬೇಕು, ಏಕೆಂದರೆ ವ್ಯಾಕ್ಸ್ ಅಲ್ಲಿ ಒಣಗಿದರೆ ಬಿಳಿ ಕಲೆಯಾಗಿ ಉಳಿದುಬಿಡುತ್ತದೆ.