ಅಘನಾಶಿನಿ ಅಳಿವೆಯ ಎರಡು ದಂಡೆ: ದಾವಣಗೆರೆಯವರಿಗೊಂದು ದಾರಿ

ದಾವಣಗೆರೆಯಿಂದ ಕಡಲು ನೋಡಲು ಹೊರಡುವವರಲ್ಲಿ ಬಹಳ ಜನ ಮುರ್ಡೇಶ್ವರ, ಇಡಗುಂಜಿ, ಗೋಕರ್ಣ, ಕಾರವಾರ ಎಲ್ಲವನ್ನೂ ಎರಡೇ ದಿನಕ್ಕೆ ತುರುಕುತ್ತಾರೆ. ಹಾಗೆ ಹೋದವರು ನೋಡುವುದು ಹೆಚ್ಚಾಗಿ ಹೆದ್ದಾರಿ 66ರ ಡಾಂಬರನ್ನೇ. ಕಾಡುಗುಡ್ಡ ಸೀದಾ ಕಡಲಿಗೆ ಇಳಿಯುವುದನ್ನು ಕಾಣಬೇಕೆಂದರೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ, ಅಂದರೆ ಆ ನದಿ ಕಡಲು ಸೇರುವ ಜಾಗ, ಅದರ ಎರಡು ದಂಡೆ ಸಾಕು.

ಹರಿಹರ, ರಾಣೆಬೆನ್ನೂರು, ಹಾವೇರಿವರೆಗೆ ಹೆದ್ದಾರಿ 48. ಅಲ್ಲಿಂದ ಶಿರಸಿ, ದೇವಿಮನೆ ಘಟ್ಟ, ಕುಮಟಾ. ಒಟ್ಟು ಸುಮಾರು 210 ಕಿ.ಮೀ. ಬಸ್ಸಿನಲ್ಲಾದರೆ ಹಾವೇರಿಯಲ್ಲೋ ಶಿರಸಿಯಲ್ಲೋ ಬದಲಿಸಬೇಕು. ಅರ್ಧ ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ರೈಲಿನ ಆಸೆ ಬೇಡ, ಕೊಂಕಣ ರೈಲು ಓಡುವುದು ಘಟ್ಟದ ಕೆಳಗೆ ಮಾತ್ರ. ದೇವಿಮನೆ ರಸ್ತೆ ಅಗಲೀಕರಣಕ್ಕೆಂದು, ಮಳೆಗಾಲದಲ್ಲಿ ಮಣ್ಣು ಜಾರಿತೆಂದು ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ಸಾಗರ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯಬಹುದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದವು. ಜುಲೈ, ಆಗಸ್ಟ್‌ನಲ್ಲಿ ಈ ಪ್ರವಾಸ ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ.

ಘಟ್ಟ ಇಳಿಯುವಾಗ ಹೊಟ್ಟೆ ತೊಳಸುವವರು ಬಸ್ಸಿನ ಮುಂದಿನ ಅರ್ಧದಲ್ಲಿ ಕೂತು, ಮೊಬೈಲ್ ಒಳಗಿಟ್ಟು, ದೂರದ ರಸ್ತೆ ನೋಡುತ್ತಿರಬೇಕು. ಶಿರಸಿಯಲ್ಲಿ ಎಣ್ಣೆ ತಿಂಡಿ ಮುಟ್ಟಬೇಡಿ. ಊರಿಂದ ತಂದ ಒಣ ಮಂಡಕ್ಕಿ ಇಂಥ ಹೊತ್ತಿಗೆ ಬಹಳ ಒಳ್ಳೆಯದು, ಆದರೆ ಕುಮಟಾ ಮುಟ್ಟಿದ ಮೇಲೆ ಅದಕ್ಕೆ ಆಯಸ್ಸಿಲ್ಲ. ಗಾಳಿಯ ತೇವಕ್ಕೆ ಬಾಯಿಬಿಟ್ಟ ಚೀಲದ ಮಂಡಕ್ಕಿ ಸಂಜೆಯೊಳಗೆ ಮೆತ್ತಗಾಗುತ್ತದೆ, ಖಡಕ್ ರೊಟ್ಟಿಯ ಪಾಡೂ ಅದೇ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ದು, ಖಾರ, ಈರುಳ್ಳಿಯನ್ನು ತಿನ್ನುವಾಗ ಕಲಸಿಕೊಳ್ಳಿ.

ಕೆಳಗಿಳಿದ ಮೇಲೆ ದಿನದ ಲೆಕ್ಕ ಕಿಲೋಮೀಟರಿನಲ್ಲಿ ನಡೆಯುವುದಿಲ್ಲ, ಭರತ-ಇಳಿತದಲ್ಲಿ ನಡೆಯುತ್ತದೆ. ಸುಮಾರು ಆರು ತಾಸು ನೀರು ಏರುತ್ತದೆ, ಆರು ತಾಸು ಇಳಿಯುತ್ತದೆ, ಮರುದಿನ ಅದೇ ಭರತ ಹೆಚ್ಚುಕಡಿಮೆ 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಜೋರು. ಆ ದಿನಗಳಲ್ಲಿ ಭರತ ಮಧ್ಯಾಹ್ನದ ಹತ್ತಿರ, ಇಳಿತ ಬೆಳಗಿನ ಜಾವಕ್ಕೂ ಸಂಜೆಗೂ. ಅಷ್ಟಮಿ ಹೊತ್ತಿಗೆ ಇಳಿತ ಹಗಲಿಗೆ ಸರಿಯುತ್ತದೆ, ಆದರೆ ನೀರು ಅಷ್ಟೊಂದು ಹಿಂದೆ ಹೋಗುವುದಿಲ್ಲ. ಬಂಡೆ ಬುಡದ ನಡಿಗೆಗೆ ದಿನ ಗೊತ್ತುಮಾಡುವವರು ಪಂಚಾಂಗ ನೋಡಿಯೇ ಹೊರಡುವುದು ಲೇಸು. ಖಚಿತ ಸಮಯ ಬೇಕಾದರೆ ದೋಣಿಯವರನ್ನು ಕೇಳಿ.

ಈ ಏರಿಳಿತದ ಬದುಕು ಕಾಣುವುದು ಅಳಿವೆಯಲ್ಲಿ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿ ಕಡೆಯಿಂದ ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಅಘನಾಶಿನಿ ಮತ್ತು ತದಡಿ ಎಂಬ ಎರಡು ಊರುಗಳ ನಡುವೆ ಕಡಲು ಸೇರುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ನಮ್ಮ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರದ ಜೊತೆಗೇ. ನೀರಿಳಿದಾಗ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಲ್ಲಿ ನಿಂತು ಕಾಲಲ್ಲಿ ತಡಕಿ, ಕೈಯಲ್ಲಿ ಕೆದಕಿ ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಾರೆ. ಫೋಟೊಗೆ ಮೊದಲು ಕೇಳಿ. ನೀರು ಮತ್ತೆ ಏರುವುದರೊಳಗೆ ಮುಗಿಸಬೇಕಾದ ಕೆಲಸ ಅದು, ಮಾತಿಗೆ ಪುರಸೊತ್ತಿರುವುದಿಲ್ಲ. ಬಳಚು ಕೊಂಡರೆ ಬೇಯಿಸುವಾಗ ಬಾಯಿ ತೆರೆಯದ ಚಿಪ್ಪನ್ನು ಎಸೆದುಬಿಡಿ.

ಒಳಗಿನ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಬೆಳೆಯುವುದು ಉಪ್ಪು ತಾಳುವ ಕಗ್ಗ ಭತ್ತ. ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ, ಅದು ಕೊಳೆತು ಮೀನು, ಸಿಗಡಿಗೆ ಮೇವಾಗುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಭತ್ತ ಕಾಣದು, ಸಾಣಿಕಟ್ಟಾದ ಉಪ್ಪಿನಾಗರ ಕಾಣುತ್ತದೆ.

ಅಘನಾಶಿನಿ ಊರಿಂದ ತದಡಿಗೆ ದೋಣಿಯಿದೆ, ಬೈಕುಗಳನ್ನೂ ಹತ್ತಿಸಿಕೊಳ್ಳುತ್ತಾರೆ. ಶಾಲೆ ಮಕ್ಕಳು, ಮೀನು ಬುಟ್ಟಿ, ಗ್ಯಾಸ್ ಸಿಲಿಂಡರ್ ಎಲ್ಲ ಒಟ್ಟಿಗೇ ದಾಟುತ್ತವೆ. ಚಿಲ್ಲರೆ ಇಟ್ಟುಕೊಳ್ಳಿ, ಕೊನೆಯ ದೋಣಿ ಎಷ್ಟಕ್ಕೆಂದು ಮೊದಲ ದೋಣಿಯಲ್ಲೇ ಕೇಳಿ. ತಪ್ಪಿದರೆ ಮಿರ್ಜಾನ್ ಸುತ್ತಿ ಬರಬೇಕು.

ತದಡಿಯಿಂದ ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಕಡಲತೀರಗಳನ್ನು ನಡೆದು ದಾಟಿದರೆ ಗೋಕರ್ಣ. ನಕ್ಷೆಯಲ್ಲಿ ಚೋಟುದ್ದ, ಕಾಲಿಗೆ ಅರ್ಧ ದಿನ. ಗುಡ್ಡದ ನೆತ್ತಿ ಜಂಬಿಟ್ಟಿಗೆ. ಮೇಲೆ ಉದುರಿದ ಕೆಂಪು ಹರಳು ಇಳಿಜಾರಿನಲ್ಲಿ ಚಪ್ಪಲಿಯಡಿ ಗೋಲಿಯಂತೆ ಉರುಳುತ್ತವೆ. ಬೀಳುವವರು ಹೆಚ್ಚಾಗಿ ಬೀಳುವುದು ಇಳಿಯುವಾಗ, ಅದೂ ಹಾಫ್ ಮೂನ್ ಮತ್ತು ಪ್ಯಾರಡೈಸ್ ನಡುವೆ. ಹಿಮ್ಮಡಿ ಹಿಡಿಯುವ ರಬ್ಬರ್ ಅಡಿಯ ಬೂಟು ಬೇಕು, ಹವಾಯಿ ಚಪ್ಪಲಿಯ ಪಟ್ಟಿ ಅಲ್ಲಿಯೇ ಕಿತ್ತುಬರುತ್ತದೆ. ಕೆಳಗಿನ ಬಂಡೆಗಳಿಗೆ ಅಂಟಿದ ಬಿಳಿ ಚಿಪ್ಪುಗಳ ಪಟ್ಟಿ ನೋಡಿ: ಅಲ್ಲಿಯವರೆಗೆ ನೀರು ಬಂದೇ ಬರುತ್ತದೆ. ಅದರ ಕೆಳಗಿನ ಕಪ್ಪು ಪಾಚಿಯ ಮೇಲೆ ಹೆಜ್ಜೆ ಇಡಬೇಡಿ.

ತಲೆಗೆ ಎರಡೂವರೆ ಲೀಟರ್ ನೀರು ಒಯ್ಯಿರಿ. ಬಯಲುಸೀಮೆಯ ಒಣ ಬಿಸಿಲಿಗೆ ಬೆವರು ಆರಿ ಮೈ ತಣ್ಣಗಾಗುತ್ತದೆ, ಇಲ್ಲಿ ಆರುವುದಿಲ್ಲ. ಬಾಯಾರಿಕೆ ಆಗುವ ಮೊದಲೇ ಸುಸ್ತಾಗುತ್ತದೆ. ಬೆಳಿಗ್ಗೆ ಏಳರೊಳಗೆ ಹೊರಟರೆ ಬಯಲು ಗುಡ್ಡಗಳನ್ನು ಬಿಸಿಲೇರುವ ಮುನ್ನ ದಾಟಬಹುದು.

ಈಜುವ ಆಸೆಯವರಿಗೊಂದು ಮಾತು. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದರೆ ಅದು ಸುರಕ್ಷಿತ ಜಾಗವಲ್ಲ, ದಡಕ್ಕೆ ಬಂದ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವ ದಾರಿ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡದೆ, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಕೆರೆಯಲ್ಲಿ, ಭದ್ರಾ ನಾಲೆಯಲ್ಲಿ ಕಲಿತ ಈಜನ್ನು ಇಲ್ಲಿ ನೆಚ್ಚಬೇಡಿ.

ಊಟಕ್ಕೆ ಬಂಗಡೆ, ಕುಚ್ಚಲಕ್ಕಿ ಅನ್ನ. ಮೀನು ತಿನ್ನದವರಿಗೆ ಗೋಕರ್ಣ ಪೇಟೆಯಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ, ಬೆಳಿಗ್ಗೆ ಬನ್ಸ್ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ತಾಜಾ ಮೀನು ಕಡಿಮೆ, ದುಬಾರಿ.

ಬೈಕಿನಲ್ಲಿ ಹೋದವರು ಮನೆಗೆ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಉಪ್ಪುಗಾಳಿ ಹಿಡಿದ ಚೈನು ವಾರದೊಳಗೆ ಕೆಂಪಾಗುತ್ತದೆ.