ಟೈಪ್ 1, ಟೈಪ್ 2 ಮತ್ತು ವೈದ್ಯರ ಮುಂದೆ ಬಾಯಿಗೆ ಬಾರದ ಮಾತು

ಶುಗರ್ ತಪಾಸಣೆಗೆ ಹೋದಾಗ ಪಾದದ ಉರಿ, ಕಣ್ಣಿನ ಮಸುಕು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವ ಕಷ್ಟ ಎಲ್ಲವನ್ನೂ ಸಲೀಸಾಗಿ ಹೇಳಿಕೊಳ್ಳುವ ಗಂಡಸರು ನಿಮಿರು ದೌರ್ಬಲ್ಯದ ವಿಷಯ ಬಂದೊಡನೆ ಮೌನವಾಗುತ್ತಾರೆ. ನಾನು ಟೈಪ್ 2 ಮಧುಮೇಹಿ, ಅಂದರೆ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದ ಬಗೆ. ನನ್ನ ಚಿಕ್ಕಪ್ಪನ ಮಗ ಹದಿಹರೆಯದಿಂದಲೂ ಇನ್ಸುಲಿನ್ ಚುಚ್ಚಿಕೊಳ್ಳುತ್ತ ಬಂದಿರುವ ಟೈಪ್ 1 ಮಧುಮೇಹಿ, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ. ನಾವಿಬ್ಬರೂ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳುತ್ತೇವೆ. ತೊಂದರೆಯ ಹೆಸರು ಒಂದೇ ಆದರೂ ಅದು ಬರುವ ದಾರಿ ಇಬ್ಬರಿಗೂ ಒಂದೇ ಅಲ್ಲ ಎಂಬುದು ಓದುತ್ತ ಹೋದಂತೆ ನನಗೆ ಸ್ಪಷ್ಟವಾಗಿದೆ.

2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 145 ಅಧ್ಯಯನಗಳನ್ನು ಒಟ್ಟುಗೂಡಿಸಿ, ನಿಮಿರು ದೌರ್ಬಲ್ಯವು ಟೈಪ್ 1 ಇರುವ ಗಂಡಸರಲ್ಲಿ ಶೇ. 37.5, ಟೈಪ್ 2 ಇರುವವರಲ್ಲಿ ಶೇ. 66.3ರಷ್ಟಿದೆ ಎಂದು ಲೆಕ್ಕ ಹಾಕಿತು. ಈ ಅಂಕಿಗಳನ್ನು ನೋಡಿ ಟೈಪ್ 1 ಸೌಮ್ಯವಾದದ್ದು ಎಂದುಕೊಳ್ಳುವುದು ಸರಿಯಲ್ಲ. ಟೈಪ್ 2 ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಬೊಜ್ಜು, ರಕ್ತದೊತ್ತಡ, ಕೊಲೆಸ್ಟರಾಲ್‌ಗಳ ಜೊತೆಗೂಡಿ ಬರುತ್ತದೆ. ಇವುಗಳಲ್ಲಿ ಒಂದೊಂದೂ ತನ್ನಷ್ಟಕ್ಕೆ ತಾನೇ ನಿಮಿರುವಿಕೆಯನ್ನು ಕುಗ್ಗಿಸಬಲ್ಲದು.

ನಿಮಿರುವಿಕೆಗೆ ನರವೂ ಬೇಕು, ರಕ್ತವೂ ಬೇಕು. ಶಿಶ್ನದ ನರತುದಿಗಳು ಮತ್ತು ರಕ್ತನಾಳಗಳ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡಿದಾಗ ಸ್ನಾಯುಗಳು ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಈ ಎರಡನ್ನೂ ಹಾಳುಮಾಡುತ್ತದೆ.

ಟೈಪ್ 1ರಲ್ಲಿ ಕಾಯಿಲೆ ಎಷ್ಟು ವರ್ಷ ಹಳೆಯದು, ಆ ಅವಧಿಯಲ್ಲಿ ಸಕ್ಕರೆ ಎಷ್ಟು ಹತೋಟಿಯಲ್ಲಿತ್ತು ಎಂಬುದೇ ಮುಖ್ಯ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಟೈಪ್ 1 ಇರುವವರ ಒಂದು ಗುಂಪಿಗೆ ಬಿಗಿಯಾದ ಹತೋಟಿಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಆಗಿನ ರೂಢಿಯ ಚಿಕಿತ್ಸೆಯನ್ನೂ ಕೊಟ್ಟಿದ್ದರು. ಸುಮಾರು ಹತ್ತು ವರ್ಷಗಳ ಬಳಿಕ ಅದೇ ಗಂಡಸರನ್ನು ವಿಚಾರಿಸಿದಾಗ, ಪ್ರಯೋಗದ ಆರಂಭದಲ್ಲೇ ಅಕ್ಷಿಪಟಲದ (ಕಣ್ಣಿನ ಒಳಪರದೆಯ) ತೊಂದರೆ ಕಾಣಿಸಿಕೊಂಡಿದ್ದವರ ಪೈಕಿ ಬಿಗಿ ಹತೋಟಿಯ ಗುಂಪಿನಲ್ಲಿ ಶೇ. 12.8, ರೂಢಿಯ ಗುಂಪಿನಲ್ಲಿ ಶೇ. 30.8 ಮಂದಿಗೆ ನಿಮಿರು ದೌರ್ಬಲ್ಯವಿತ್ತು. ಅಂದರೆ, ಆಗಲೇ ಹಾನಿ ಶುರುವಾಗಿದ್ದವರಿಗೇ ಹೆಚ್ಚಿನ ಲಾಭ ಸಿಕ್ಕಿತು. ‘ಇನ್ನು ಹತೋಟಿಯಿಂದ ಏನು ಪ್ರಯೋಜನ’ ಎಂದು ಕೈಚೆಲ್ಲುವ ಯುವಕರಿಗೆ ಇದನ್ನು ಹೇಳಬೇಕೆನಿಸುತ್ತದೆ. ಅವರಲ್ಲಿ ಮನಸ್ಸಿನ ಪಾಲೂ ಕಡಿಮೆಯಿಲ್ಲ: ಮಿಲನದ ನಡುವೆ ಸಕ್ಕರೆ ಕುಸಿದೀತೆಂಬ ಅಂಜಿಕೆಯೊಂದೇ ಸಾಕು. ಬೆಳಗಿನ ಸಹಜ ನಿಮಿರುವಿಕೆ ಚೆನ್ನಾಗಿಯೇ ಇದ್ದರೆ ವೈದ್ಯರು ಮೊದಲು ಆ ಕಡೆಗೆ ನೋಡುತ್ತಾರೆ.

ನನ್ನಂತಹ ಟೈಪ್ 2ರವರು ಯೋಚಿಸಬೇಕಾದದ್ದು ಹೃದಯದ ಬಗ್ಗೆ. ಶಿಶ್ನದ ರಕ್ತನಾಳಗಳ ಅಗಲ ಒಂದೆರಡು ಮಿಲಿಮೀಟರ್, ಹೃದಯದ ರಕ್ತನಾಳಗಳದ್ದು ಮೂರು ನಾಲ್ಕು. ಕೊಬ್ಬು ಕಟ್ಟುವ ಕಾಯಿಲೆ ಎರಡೂ ಕಡೆ ಒಟ್ಟಿಗೇ ನಡೆಯುತ್ತಿದ್ದರೂ ಚಿಕ್ಕ ನಾಳದ ತೊಂದರೆ ಮೊದಲು ಹೊರಬೀಳುತ್ತದೆ. ಎಷ್ಟೋ ಜನರಲ್ಲಿ ಎದೆನೋವಿಗಿಂತ ಎರಡು ಮೂರು ವರ್ಷ ಮುಂಚೆಯೇ ನಿಮಿರುವಿಕೆ ಕುಗ್ಗಿರುತ್ತದೆ. ಆದ್ದರಿಂದ ಗುಟ್ಟಾಗಿ ಮಾತ್ರೆ ನುಂಗುವುದಕ್ಕಿಂತ ಮೊದಲು ರಕ್ತದೊತ್ತಡ, ಕೊಲೆಸ್ಟರಾಲ್, ಹೃದಯದ ತಪಾಸಣೆ ಆಗಬೇಕು. ಬೊಜ್ಜಿರುವ ಟೈಪ್ 2ರವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನು ಕಡಿಮೆಯಿರುವುದೂ ಸಾಮಾನ್ಯ. ಅದನ್ನು ಬೆಳಗಿನ ರಕ್ತದಲ್ಲಿ ಅಳೆಯುತ್ತಾರೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಕಾರಣವಾಗಬಹುದು, ಆದರೆ ಅವುಗಳನ್ನು ತಾವಾಗಿಯೇ ನಿಲ್ಲಿಸಬಾರದು.

1998ರಲ್ಲಿ ವಯಾಗ್ರ ಎಂಬ ಹೆಸರಿನಲ್ಲಿ ಬಂದ ನಿಮಿರುವಿಕೆಯ ಮಾತ್ರೆ ಸಿಲ್ಡೆನಾಫಿಲ್ ಮಧುಮೇಹಿಗಳಿಗೂ ಕೆಲಸ ಮಾಡುತ್ತದೆ, ಉಳಿದವರಿಗೆ ಆದಷ್ಟಲ್ಲ. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದನ್ನು ತೆಗೆದುಕೊಂಡ ಮಧುಮೇಹಿಗಳಲ್ಲಿ ಶೇ. 56 ಮಂದಿ ಸುಧಾರಣೆ ಕಂಡರು. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 10. ಎದೆನೋವಿಗೆ ಸಾರ್ಬಿಟ್ರೇಟ್‌ನಂತಹ ನೈಟ್ರೇಟ್ ಮಾತ್ರೆ ಬಳಸುವವರು ಇದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಬಸ್ ನಿಲ್ದಾಣದ ಗೋಡೆಗಳಲ್ಲಿ ಜಾಹೀರಾತು ಅಂಟಿಸಿಕೊಂಡ ‘ಗಿಡಮೂಲಿಕೆ’ ಕ್ಯಾಪ್ಸೂಲ್‌ಗಳ ಬಗ್ಗೆ ನನ್ನ ತಕರಾರೂ ಇದೇ: ಇಂತಹ ಲೈಂಗಿಕ ಶಕ್ತಿವರ್ಧಕಗಳಲ್ಲಿ ಹೇಳದೆ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಹಚ್ಚಿದ್ದಾರೆ, ಹೃದ್ರೋಗಿಯೊಬ್ಬ ನಿರಪಾಯವೆಂದು ನಂಬಿ ನುಂಗುವುದು ಅದನ್ನೇ. ಮಾತ್ರೆ ನಾಟದಿದ್ದರೆ ನಿರ್ವಾತ ಪಂಪು, ಶಿಶ್ನಕ್ಕೇ ಕೊಡುವ ಇಂಜೆಕ್ಷನ್, ಕೊನೆಗೆ ಶಸ್ತ್ರಚಿಕಿತ್ಸೆಯ ಮೂಲಕ ಅಳವಡಿಸುವ ಸಾಧನ ಇವೆ. ಇವುಗಳಿಗೆ ಮೂತ್ರರೋಗ ತಜ್ಞರ ಬಳಿಗೇ ಹೋಗಬೇಕು, ಸಾಧ್ಯವಾದರೆ ಹೆಂಡತಿಯನ್ನೂ ಕರೆದುಕೊಂಡು.